ನೇರಳೆ ಹಣ್ಣಿನ ಸೋಲಾರ್ ಮಾಡಿಸುವ ವಿಜ್ಞಾನ ಮೇಷ್ಟ್ರುಗಳಿಗೆ



ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಟೇಬಲಿನಿಂದ ಟೇಬಲಿಗೆ ಸುತ್ತುವವನು ನಾನು. ಉಕ್ಕುವ ಜ್ವಾಲಾಮುಖಿ, ಮಳೆನೀರು ಕೊಯ್ಲು, ಸಿರಿಂಜಿನ ಜೆಸಿಬಿ ಇವುಗಳ ಸಾಲಿಗೆ ಈಚೆಗೆ ಹೊಸದೊಂದು ಮಾದರಿ ಸೇರಿಕೊಂಡಿದೆ. ಕ್ಲಿಪ್ಪು ಹಾಕಿ ಒತ್ತಿ ಹಿಡಿದ ಎರಡು ಗಾಜಿನ ಬಿಲ್ಲೆಗಳು, ನಡುವೆ ನೇರಳೆ ಹಣ್ಣಿನ ಬಣ್ಣ, ಪಕ್ಕದಲ್ಲೊಂದು ಮಲ್ಟಿಮೀಟರು. ಹಿಂದಿನ ಥರ್ಮೊಕೋಲ್ ಹಲಗೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: 'ಹಣ್ಣಿನಿಂದ ಕರೆಂಟು, ಹಳ್ಳಿಗೆಲ್ಲ ಬೆಳಕು.'

ಆ ಗಾಜಿನ ಬಿಲ್ಲೆಗಳ ಪರವಾಗಿ ಮತ್ತು ಆ ಹಲಗೆಯ ವಿರುದ್ಧವಾಗಿ ಈ ಪತ್ರ.

ಶಾಲೆಯಲ್ಲಿ ಮಾಡಿಸಬಹುದಾದ ಪ್ರಯೋಗಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ತಿಳಿದ ಮಟ್ಟಿಗೆ ಅಪರೂಪ. ಬೆಳಕು, ಬಣ್ಣ, ಎಲೆಕ್ಟ್ರಾನು, ಆಮ್ಲ, ಸಸ್ಯ, ಲೆಕ್ಕ ಎಲ್ಲವೂ ಅಂಗೈಯಗಲದಲ್ಲಿ ಸಿಗುತ್ತವೆ. ಆದರೆ ಹಲಗೆ ಹೇಳುವುದು ನಿಜವಲ್ಲ. ನಿಜವಲ್ಲ ಎಂಬುದನ್ನು ಮಕ್ಕಳೇ ಒಂದು ಮಧ್ಯಾಹ್ನದಲ್ಲಿ ಅಳೆದು ಕಂಡುಕೊಳ್ಳಬಹುದು. ಆ ಅಳತೆಯನ್ನೇ ನಾವು ತಪ್ಪಿಸುತ್ತಿದ್ದೇವೆ.

ಮೊದಲು ಲೆಕ್ಕಕ್ಕೆ ಬರೋಣ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್, ಅಂದರೆ ಒಂದು ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್. 1997ರಲ್ಲಿ ಬ್ಲ್ಯಾಕ್‌ಬೆರಿ ಹಣ್ಣಿನ ಬಣ್ಣ ಬಳಸಿ ಚೆರೆಪಿ, ಸ್ಮೆಸ್ಟಡ್, ಗ್ರೆಟ್ಸೆಲ್ ಮತ್ತು ಜಾಂಗ್ ಎಂಬ ವಿಜ್ಞಾನಿಗಳು ಮಾಡಿದ ಕೋಶದ ದಕ್ಷತೆ ಪ್ರತಿಶತ 0.56. ನಮ್ಮ ನೇರಳೆಯನ್ನು ಸುದ್ದಿಗೆ ತಂದದ್ದು 2017ರಲ್ಲಿ ಐಐಟಿ ರೂರ್ಕಿಯ ಸೌಮಿತ್ರ ಸತ್ಪಥಿಯವರ ತಂಡ. ಅವರಿಗೆ ಸಿಕ್ಕ ದಕ್ಷತೆಯೂ ಅರ್ಧ ಪ್ರತಿಶತದ ಆಸುಪಾಸಿನದೇ. ಅಲ್ಲಿಗೆ ಒಂದು ಚದರ ಸೆಂಟಿಮೀಟರಿನಿಂದ ಬರುವುದು ಅರ್ಧ ಮಿಲಿವ್ಯಾಟ್. ಒಂದು ಕೆಂಪು ಎಲ್‌ಇಡಿ ಚೆನ್ನಾಗಿ ಉರಿಯಬೇಕಾದರೆ ಸುಮಾರು 2 ವೋಲ್ಟಿನಲ್ಲಿ 10 ಮಿಲಿಆಂಪಿಯರ್, ಅಂದರೆ 20 ಮಿಲಿವ್ಯಾಟ್ ಬೇಕು. ಹಣ್ಣಿನ ಕೋಶವೊಂದು ಕೊಡುವುದು ಅರ್ಧ ವೋಲ್ಟಿನೊಳಗೆ. ಹಾಗಾಗಿ ಐದಾರು ಕೋಶಗಳನ್ನು ಸರಣಿಯಲ್ಲಿ ಜೋಡಿಸಬೇಕು, ಒಟ್ಟು ವಿಸ್ತೀರ್ಣ 40 ಚದರ ಸೆಂಟಿಮೀಟರಾದರೂ ಇರಬೇಕು. ಇಷ್ಟೆಲ್ಲ ಒಂದು ಎಲ್‌ಇಡಿಗೆ, ಅದೂ ನೆತ್ತಿಯ ಮೇಲೆ ಸೂರ್ಯನಿದ್ದಾಗ.

ಇನ್ನು ಹಳ್ಳಿಗೆ ಬೆಳಕು. ಚಾವಣಿಯ ಮೇಲೆ ಒಂದು ಕಿಲೊವ್ಯಾಟ್ ಸಿಲಿಕಾನ್ ಫಲಕ ಕೂರಿಸಲು ಐದು ಚದರ ಮೀಟರು ಜಾಗ ಸಾಕು. ಅಷ್ಟೇ ಶಕ್ತಿಯನ್ನು ಹಣ್ಣಿನ ಕೋಶದಿಂದ ತೆಗೆಯಲು 200 ಚದರ ಮೀಟರು ಬೇಕಾಗುತ್ತದೆ. ಮೂವತ್ತು-ನಲವತ್ತರ ಸೈಟೆಂದರೆ 111 ಚದರ ಮೀಟರು. ಒಂದು ಮನೆಗೆ ದಿನಕ್ಕೆ ನಾಲ್ಕು ಯೂನಿಟ್ ಕರೆಂಟು ಬರಲು ಎರಡು ಸೈಟುಗಳ ಉದ್ದಗಲಕ್ಕೂ ಗಾಜು ಹಾಸಿ, ನೇರಳೆ ಬಣ್ಣ ಬಳಿದು, ಕೆಲವೇ ದಿನಗಳಲ್ಲಿ ಮತ್ತೆ ಬಳಿಯಬೇಕು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಂತಿರುವ ರಾಜ್ಯದಲ್ಲಿ ಈ ಹಲಗೆಯನ್ನು ಯಾವ ಮಗುವೂ ನಂಬಬೇಕಾಗಿಲ್ಲ.

'ಹಣ್ಣು ಅಗ್ಗ, ಆದ್ದರಿಂದ ಈ ಸೋಲಾರೂ ಅಗ್ಗ' ಎಂಬುದು ಹಲಗೆಯ ಎರಡನೇ ಸಾಲು. ಇದಂತೂ ಕೇಳಲು ಬಹಳ ನ್ಯಾಯವಾದ ಮಾತು. ಆದರೆ ಒಂದು ಚದರ ಮೀಟರ್ ಕೋಶಕ್ಕೆ ಹಿಡಿಯುವ ಶುದ್ಧ ಬಣ್ಣ ಒಂದು ಗ್ರಾಮಿಗೂ ಕಡಿಮೆ. ಬಣ್ಣ ಪುಕ್ಕಟೆ ಸಿಕ್ಕರೂ ಉಳಿತಾಯ ಅಷ್ಟಕ್ಕಷ್ಟೆ. ದುಡ್ಡು ಹೋಗುವುದು ವಿದ್ಯುತ್ ಹರಿಯುವ ಲೇಪನವಿರುವ ಆ ವಿಶೇಷ ಗಾಜಿಗೆ. ಗಾಜಿನ ಬಿಲ್ಲು ಕಟ್ಟಿದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ. ನೇರಳೆ ಬೆಳೆದ ರೈತನಿಗೆ ಇದರಿಂದ ಹೊಸ ಮಾರುಕಟ್ಟೆ ಹುಟ್ಟುವುದಿಲ್ಲವೆಂಬುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ಅವನು ಹಣ್ಣನ್ನು ಸಂತೆಗೆ ತಂದರೇನೇ ಲಾಭ.

ಹಾಗಾದರೆ ಇದನ್ನು ಯಾಕೆ ಮಾಡಿಸಬೇಕು?

ಸಿಲಿಕಾನ್ ಫಲಕದಲ್ಲಿ ಬೆಳಕನ್ನು ಹೀರುವುದೂ ಎಲೆಕ್ಟ್ರಾನನ್ನು ಸಾಗಿಸುವುದೂ ಒಂದೇ ವಸ್ತು. ಎರಡೂ ಕೆಲಸ ಒಬ್ಬನದೇ ಆದ್ದರಿಂದ ಅದು ಅತಿ ಶುದ್ಧವಾಗಿರಬೇಕು, ಅದರ ಒಳಗೆ ಏನು ನಡೆಯುತ್ತದೆಂಬುದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಕೋಶದಲ್ಲಿ ಕೆಲಸ ಹಂಚಿಕೆಯಾಗಿದೆ. ಬೆಳಕನ್ನು ಹಿಡಿಯುವುದು ಬಣ್ಣ. ಎಲೆಕ್ಟ್ರಾನನ್ನು ಒಯ್ಯುವುದು ಟೈಟಾನಿಯಂ ಡೈಆಕ್ಸೈಡಿನ ಬಿಳಿ ಪದರ. ಎಲೆಕ್ಟ್ರಾನು ಕಳೆದುಕೊಂಡ ಬಣ್ಣಕ್ಕೆ ಅದನ್ನು ಮರಳಿಸುವುದು ಅಯೊಡೈಡ್ ದ್ರಾವಣ. ಆ ದ್ರಾವಣ ಎದುರಿನ ಗಾಜಿನ ಇಂಗಾಲದ ಪದರದಿಂದ ತನ್ನ ಪಾಲನ್ನು ಪಡೆಯುತ್ತದೆ. ಸುತ್ತು ಮುಗಿದಾಗ ಯಾವುದೂ ಖರ್ಚಾಗಿರುವುದಿಲ್ಲ. ನಿಂಬೆಹಣ್ಣಿಗೆ ಸತುವಿನ ಮೊಳೆ, ತಾಮ್ರದ ತಂತಿ ಚುಚ್ಚಿ ಮಾಡುವ ಬ್ಯಾಟರಿಯಲ್ಲಿ ಸತು ಕರಗುತ್ತಾ ಹೋಗುತ್ತದೆ. ಇಲ್ಲಿ ಬೆಳಕೊಂದೇ ಬಂಡವಾಳ. ಬಣ್ಣದಿಂದ ಬಿಳಿ ಪದರಕ್ಕೆ ಎಲೆಕ್ಟ್ರಾನು ಜಿಗಿಯಲು ತೆಗೆದುಕೊಳ್ಳುವ ಸಮಯ 100 ಫೆಮ್ಟೊಸೆಕೆಂಡಿಗಿಂತಲೂ ಕಡಿಮೆ ಎಂಬುದನ್ನು ಅದೇ ಬ್ಲ್ಯಾಕ್‌ಬೆರಿ ಪ್ರಬಂಧ ತೋರಿಸಿತ್ತು. ಒಂದು ಸೆಕೆಂಡನ್ನು ಒಂದು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಮಾಡಿದರೆ ಬರುವ ಕಾಲ ಅದು. ದಕ್ಷತೆ ಅರ್ಧ ಪ್ರತಿಶತವಾದರೂ ಹಣ್ಣಿನ ಬಣ್ಣ ಈ ಮೊದಲ ಹೆಜ್ಜೆಯಲ್ಲಿ ಸೋಮಾರಿಯಲ್ಲ. ಸೋಲುವುದು ಮುಂದಿನ ಹೆಜ್ಜೆಗಳಲ್ಲಿ.

ಈ ವಿದ್ಯೆ ಹುಟ್ಟಿದ್ದು ಕರೆಂಟಿಗಾಗಿ ಅಲ್ಲ, ಫೋಟೊಗಾಗಿ. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಛಾಯಾಚಿತ್ರದ ಫಲಕಗಳಿಗೆ ಬಣ್ಣ ಬೆರೆಸಿದಾಗ, ಅಲ್ಲಿಯವರೆಗೆ ನೀಲಿ ಬೆಳಕಿಗಷ್ಟೇ ಸ್ಪಂದಿಸುತ್ತಿದ್ದ ಅವು ಹಸಿರು, ಹಳದಿ ಬೆಳಕಿಗೂ ಸ್ಪಂದಿಸತೊಡಗಿದವು. 1968ರಲ್ಲಿ ಗೆರಿಶರ್ ಮತ್ತು ಟ್ರಿಬುಚ್ ಸತುವಿನ ಆಕ್ಸೈಡಿನ ಮೇಲೆ ಬಣ್ಣ ಹಚ್ಚಿ ಕರೆಂಟು ಕಂಡರು, ಆದರೆ ನಯವಾದ ಮೇಲ್ಮೈಗೆ ಅಂಟುವ ಒಂದೇ ಪದರ ಬಣ್ಣ ಬೆಳಕನ್ನು ಹಿಡಿಯುವುದು ತೀರಾ ಕಡಿಮೆ. ಆ ಗಂಟು ಬಿಚ್ಚಿದ್ದು 1991ರಲ್ಲಿ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಬ್ರಯಾನ್ ಓ'ರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಟೈಟಾನಿಯಂ ಡೈಆಕ್ಸೈಡಿನ ನ್ಯಾನೊ ಕಣಗಳನ್ನು ಸುಟ್ಟು ಒಂದಕ್ಕೊಂದು ಕೂಡಿಸಿ, ಸುಮಾರು 10 ಮೈಕ್ರೊಮೀಟರ್ ದಪ್ಪದ ರಂಧ್ರಮಯ ಪದರ ಮಾಡಿದರು. ಹೊರಗೆ ಒಂದು ಚದರ ಸೆಂಟಿಮೀಟರ್ ಕಂಡರೂ ಒಳಗೆ ಅದರ ಏಳೆಂಟು ನೂರು ಪಟ್ಟು ಮೇಲ್ಮೈ. ಅವರ ಕೋಶ ಏಳು ಪ್ರತಿಶತ ದಾಟಿತು. ಆದರೆ ಅವರು ಬಳಸಿದ್ದು ರುಥೇನಿಯಂ ಲೋಹದ ಸಂಯುಕ್ತವನ್ನು, ಹಣ್ಣನ್ನಲ್ಲ. ಹಣ್ಣು ಬಂದದ್ದು ಆಮೇಲೆ, ಪಾಠಕ್ಕಾಗಿ. ಶಾಲೆಗಳಲ್ಲಿ ಮಾಡುವ ವಿಧಾನವನ್ನು ಸ್ಮೆಸ್ಟಡ್ ಮತ್ತು ಗ್ರೆಟ್ಸೆಲ್ 1998ರಲ್ಲಿ ರಸಾಯನಶಾಸ್ತ್ರ ಶಿಕ್ಷಣದ ಪತ್ರಿಕೆಯೊಂದರಲ್ಲೇ ಪ್ರಕಟಿಸಿದರು. ಹುಟ್ಟಿನಿಂದಲೇ ಪಾಠೋಪಕರಣವಾದದ್ದನ್ನು ನಾವು ಪವರ್ ಸ್ಟೇಷನ್ ಎಂದು ಕರೆಯುತ್ತಿದ್ದೇವೆ.

ಈಗ ನನಗೆ ಬಹಳ ಇಷ್ಟವಾದ ಭಾಗ: ಯಾವ ಹಣ್ಣು?

ನೇರಳೆ, ಮುರುಗಲು, ದಾಳಿಂಬೆ, ಕವಳಿ ಹಣ್ಣು, ಕೆಂಪು ದಾಸವಾಳ ಇವುಗಳ ಬಣ್ಣವೆಲ್ಲ ಆಂಥೋಸಯನಿನ್ ಎಂಬ ಕುಟುಂಬದ್ದು. ಈ ಕುಟುಂಬದ ಎಲ್ಲರಿಗೂ ಬಿಳಿ ಪದರಕ್ಕೆ ಅಂಟಿಕೊಳ್ಳುವ ಶಕ್ತಿಯಿಲ್ಲ. ಅಣುವಿನ ಒಂದು ಉಂಗುರದಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳಿದ್ದರೆ ಅವು ಟೈಟಾನಿಯಂ ಪರಮಾಣುವನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಸಯನಿಡಿನ್, ಡೆಲ್ಫಿನಿಡಿನ್, ಪೆಟುನಿಡಿನ್‌ಗಳಿಗೆ ಅಂಥ ಜೋಡಿ ಇದೆ. ಮಾಲ್ವಿಡಿನ್‌ನಲ್ಲಿ ಆ ಉಂಗುರದ ಒಂದೇ ಹೈಡ್ರಾಕ್ಸಿಲಿನ ಎರಡೂ ಪಕ್ಕದಲ್ಲಿ ಮೀಥಾಕ್ಸಿ ಗುಂಪುಗಳು ಕೂತಿರುವುದರಿಂದ ಆ ಹಿಡಿತವಿಲ್ಲ. ನೇರಳೆಯ ಸಿಪ್ಪೆಯಲ್ಲಿ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಮೂರೂ ಇವೆ. ಅಂದರೆ ಕಣ್ಣಿಗೆ ಕಡುನೇರಳೆಯಾಗಿ ಕಂಡದ್ದರಲ್ಲಿ ಒಂದು ಪಾಲು ಕೆಲಸಕ್ಕೆ ಬಾರದ ಬಣ್ಣ. ಮಲೆನಾಡಿನ ಮುರುಗಲಿನಲ್ಲಿ, ಕರಾವಳಿಯವರ ಪುನರ್ಪುಳಿಯಲ್ಲಿ, ಇರುವುದು ಮುಖ್ಯವಾಗಿ ಸಯನಿಡಿನ್. ಕಾಗದದ ಮೇಲಿನ ಲೆಕ್ಕದಲ್ಲಿ ಮುರುಗಲೇ ಗೆಲ್ಲಬೇಕು. ಆದರೆ ಮುರುಗಲಿನ ತೀಕ್ಷ್ಣ ಹುಳಿಯ ಆಮ್ಲಗಳೂ ಅದೇ ಟೈಟಾನಿಯಂ ಜಾಗಗಳಿಗೆ ಪೈಪೋಟಿ ನಡೆಸಬಲ್ಲವು. ಇನ್ನೊಂದು ಕಡೆ, ಹುಳಿ ಇದ್ದರೇನೇ ಈ ಬಣ್ಣ ಕೆಂಪಾಗಿ ಉಳಿಯುವುದು. ಹುಳಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಳೆದು ಹೇಳಬಹುದಾದ್ದು. ನೇರಳೆ ಮತ್ತು ಮುರುಗಲನ್ನು ಪಕ್ಕಪಕ್ಕದಲ್ಲಿಟ್ಟು ಮಾಡಿಸಿ. ಬಾಟಲಿಯ ಸಕ್ಕರೆ ಪಾಕದ ಶರಬತ್ತು ಮಾತ್ರ ಬೇಡ. ಸಕ್ಕರೆ ರಂಧ್ರಗಳನ್ನೆಲ್ಲ ಮೆತ್ತಿಬಿಡುತ್ತದೆ.

ಬಣ್ಣ ಲೋಹವನ್ನು ಹಿಡಿಯುವ ಈ ಗುಟ್ಟು ನಮ್ಮವರಿಗೆ ಹೊಸದಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡಿದವರು ನೆಚ್ಚಿದ್ದೂ ಇಂಥವೇ ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳನ್ನು. ಅಲ್ಲಿ ಸಿಕ್ಕಿಬೀಳುತ್ತಿದ್ದುದು ಕಬ್ಬಿಣ, ಇಲ್ಲಿ ಟೈಟಾನಿಯಂ. ಹಿಡಿತ ಬಿದ್ದದ್ದು ಬರಿಗಣ್ಣಿಗೇ ಕಾಣುತ್ತದೆ: ಕೆಂಪು ರಸದಲ್ಲಿ ಅದ್ದಿದ ಬಿಳಿ ಪದರ ಕೆಂಪಾಗುವುದಿಲ್ಲ, ಕೆನ್ನೀಲಿಗೆ ತಿರುಗುತ್ತದೆ. ನೀರಿನಲ್ಲಿ ತೊಳೆದರೂ ಹೋಗುವುದಿಲ್ಲ. ಆ ಕ್ಷಣವನ್ನು ಮಕ್ಕಳು ನೋಡದೆ ಹೋಗದಂತೆ ನೋಡಿಕೊಳ್ಳಿ. ಎಷ್ಟೋ ಶಾಲೆಗಳಲ್ಲಿ ಅದ್ದುವ ಕೆಲಸ ಮೇಷ್ಟ್ರ ಮನೆಯಲ್ಲಿ ರಾತ್ರಿ ನಡೆದು, ಮಕ್ಕಳ ಕೈಗೆ ಸಿದ್ಧ ಬಿಲ್ಲೆ ಬರುತ್ತದೆ. ಇದರಿಂದ ಹೊಟ್ಟೆ ಉರಿಯುತ್ತದೆ.

ಬೀಟ್‌ರೂಟ್, ಪಾಪಾಸುಕಳ್ಳಿ ಹಣ್ಣು, ಹಿತ್ತಲಿನ ಬಸಳೆ ಬಳ್ಳಿಯ ಕಪ್ಪು ಹಣ್ಣು ಇವು ಬೇರೆಯೇ ಕುಟುಂಬ, ಬೀಟಲೈನ್‌ಗಳದು. ಇವುಗಳಿಗೆ ಹಿಡಿಯಲು ಕಾರ್ಬಾಕ್ಸಿಲ್ ಗುಂಪುಗಳಿವೆ. ಇಟಲಿಯ ಸಿಸಿಲಿಯಲ್ಲಿ ಕಾಡು ಪಾಪಾಸುಕಳ್ಳಿಯ ಹಣ್ಣಿನಿಂದ ಎರಡು ಪ್ರತಿಶತದ ಹತ್ತಿರ ಹೋದವರಿದ್ದಾರೆ. ಹಣ್ಣುಗಳ ಲೋಕದಲ್ಲಿ ಅದು ದೊಡ್ಡ ಅಂಕಿ. ಬಸಳೆ ಹಣ್ಣನ್ನು ಜಜ್ಜಿ ಅಂಗೈಗೆ ಬಳಿದುಕೊಂಡ ಮಕ್ಕಳಿಗೆ ಆ ಬಣ್ಣದ ಪರಿಚಯ ನಮಗಿಂತ ಚೆನ್ನಾಗಿದೆ.

ಇನ್ನೊಂದು ತಪ್ಪು ಹಲಗೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ: ಹಣ್ಣಿನ ಬಣ್ಣ ದ್ಯುತಿಸಂಶ್ಲೇಷಣೆ ಮಾಡುವ ಬಣ್ಣವಾದ್ದರಿಂದ ಕರೆಂಟು ಕೊಡುತ್ತದೆ ಎಂಬುದು. ಆಂಥೋಸಯನಿನ್‌ಗೂ ದ್ಯುತಿಸಂಶ್ಲೇಷಣೆಗೂ ಆ ಸಂಬಂಧವಿಲ್ಲ. ಹಕ್ಕಿಯನ್ನು ಕರೆಯುವುದು, ಬಿಸಿಲಿನ ಉರಿಯಿಂದ ಅಂಗಾಂಶವನ್ನು ಕಾಯುವುದು ಅದರ ಕೆಲಸ. ಬೆಳಕು ಹೀರಿ ಎಲೆಕ್ಟ್ರಾನು ಕೊಡುವುದು ಪತ್ರಹರಿತ್ತಿನ ಉದ್ಯೋಗ. ಅದು ಎಲೆಯಲ್ಲಿ ಬಾಳುವುದಕ್ಕೂ ಕಾರಣವಿದೆ. ಪ್ರಖರ ಬಿಸಿಲಿನಲ್ಲಿ ಎಲೆಯ ಬೆಳಕು ಹಿಡಿಯುವ ಯಂತ್ರದ ಒಂದು ಪ್ರೋಟೀನು ಮತ್ತೆ ಮತ್ತೆ ಕೆಡುತ್ತದೆ, ಎಲೆ ಮತ್ತೆ ಮತ್ತೆ ಹೊಸದನ್ನು ಕೂರಿಸುತ್ತದೆ. ಗಾಜಿನ ನಡುವಿನ ಬಣ್ಣಕ್ಕೆ ರಿಪೇರಿ ಮಾಡುವವರಿಲ್ಲ. ಇಪ್ಪತ್ತು ವರ್ಷ ಬಾಳಬೇಕಾದ ಸೌರಕೋಶದಲ್ಲಿ ಒಂದೊಂದು ಬಣ್ಣದ ಅಣುವೂ ಸುಮಾರು 10 ಕೋಟಿ ಸಲ ಎಲೆಕ್ಟ್ರಾನು ಕೊಟ್ಟು ಮರಳಿ ಪಡೆಯಬೇಕು. ನೇರಳೆಯ ಅಣುವಿಗೆ ಅಷ್ಟು ಆಯುಸ್ಸಿಲ್ಲ. ಜೊತೆಗೆ, ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಟೈಟಾನಿಯಂ ಡೈಆಕ್ಸೈಡೇ ತನ್ನ ಮೇಲಿನ ಸಾವಯವ ಬಣ್ಣವನ್ನು ಒಡೆದು ಹಾಕುತ್ತದೆ.

ಮಾಡಿಸುವವರಿಗೆ ನಾಲ್ಕು ಮಾತು. ಬಣ್ಣದಂಗಡಿಯ ಬಿಳಿ ಟೈಟಾನಿಯಂ ಪುಡಿ ತಂದು ಕೈಸುಟ್ಟುಕೊಳ್ಳಬೇಡಿ. ಪೇಂಟಿನ ಪುಡಿಯ ಕಣಗಳು ದಪ್ಪ, ಸಾಮಾನ್ಯವಾಗಿ ರೂಟೈಲ್ ಜಾತಿಯವು, ಮೇಲೆ ಬೇರೆ ಆಕ್ಸೈಡಿನ ಹೊದಿಕೆಯೂ ಇರುತ್ತದೆ. ಬೇಕಾದದ್ದು 20 ನ್ಯಾನೊಮೀಟರ್ ಸುಮಾರಿನ, ಹೆಚ್ಚು ಪಾಲು ಅನಾಟೇಸ್ ಇರುವ ಪುಡಿ. ವಿನೆಗರಿನಲ್ಲಿ ಅರೆದು, ಅಂಚಿಗೆ ಸೆಲ್ಲೊಟೇಪ್ ಹಚ್ಚಿದ ಗಾಜಿನ ಮೇಲೆ ಗಾಜಿನ ಕಡ್ಡಿಯಿಂದ ಎಳೆದರೆ ಪದರ ಸಮವಾಗಿ ಕೂರುತ್ತದೆ. ಟೇಪು ಕಿತ್ತ ಮೇಲೆ 450 ಡಿಗ್ರಿಯಲ್ಲಿ ಅರ್ಧ ಗಂಟೆ ಸುಡಬೇಕು. ಇದು ದೊಡ್ಡವರ ಕೆಲಸ, ಗಾಜು ತಾನಾಗಿ ಆರುವವರೆಗೆ ಮಕ್ಕಳು ದೂರವಿರಲಿ. ಎದುರಿನ ಗಾಜಿಗೆ ಮೇಣದಬತ್ತಿಯ ಮಸಿ ಅಥವಾ ಮೆತ್ತನೆಯ ಪೆನ್ಸಿಲಿನ ಗೀಟು ಸಾಕು. ದ್ರಾವಣಕ್ಕೆ ಎಥಿಲೀನ್ ಗ್ಲೈಕಾಲಿನಲ್ಲಿ ಪೊಟ್ಯಾಸಿಯಂ ಅಯೊಡೈಡ್ ಮತ್ತು ಅದರ ಹತ್ತನೇ ಒಂದು ಪಾಲು ಅಯೊಡಿನ್. ಎಥಿಲೀನ್ ಗ್ಲೈಕಾಲ್ ವಿಷ, ಸಿಹಿ ರುಚಿಯದು. ಹಣ್ಣಿನ ರಸ ಇರುವ ಟೇಬಲ್ಲಿನ ಮೇಲೆ ಅದನ್ನು ಲೋಟದಲ್ಲಿ ಇಡಲೇಬೇಡಿ.

ಇನ್ನು ಅಳತೆಗೆ ಬರುತ್ತೇನೆ. ತೀರ್ಪುಗಾರನಾಗಿ ನಾನು ಮೊದಲು ಕೇಳುವುದು ಕೋಶದ ಮೇಲೆ ಕಪ್ಪು ಬಟ್ಟೆ ಮುಚ್ಚಲು. ಮುಚ್ಚಿದಾಗ ಮಲ್ಟಿಮೀಟರಿನ ಅಂಕಿ ಸೊನ್ನೆಯ ಕಡೆಗೆ ಇಳಿಯಬೇಕು. ಇಳಿಯದಿದ್ದರೆ ಅದು ಸೌರಕೋಶವಲ್ಲ, ಮೊಸಳೆ ಕ್ಲಿಪ್ಪಿನ ಲೋಹ ದ್ರಾವಣಕ್ಕೆ ತಗುಲಿ ನಿಂಬೆಹಣ್ಣಿನ ಬ್ಯಾಟರಿಯಾಗಿದೆ. ಹೀಗೆ ಸಿಕ್ಕಿಬಿದ್ದ ಮಾದರಿಗಳು ಬಹುಮಾನ ಪಡೆದದ್ದನ್ನೂ ಕಂಡಿದ್ದೇನೆ. ಎರಡನೆಯದು, ಬಣ್ಣ ಹಚ್ಚದ ಬಿಳಿ ಪದರದ ಕೋಶವೊಂದನ್ನೂ ಮಾಡಿಸಿ. ಟೈಟಾನಿಯಂ ಡೈಆಕ್ಸೈಡು ಬಿಸಿಲಿನ ಅತಿನೇರಳೆ ಪಾಲನ್ನು ತಾನೇ ಹೀರಿ ಒಂದಿಷ್ಟು ಕರೆಂಟು ಕೊಡುತ್ತದೆ. ಹಣ್ಣಿನ ನಿಜವಾದ ಕೊಡುಗೆ ಎಂದರೆ ಎರಡು ಕೋಶಗಳ ನಡುವಿನ ವ್ಯತ್ಯಾಸ. ಮೂರನೆಯದು ಮಕ್ಕಳಿಗೆ ಬಹಳ ಖುಷಿ ಕೊಡುವಂಥದು: ಕೋಶದ ಮೇಲೆ ಬಣ್ಣದ ಜಿಲೇಟಿನ್ ಕಾಗದ ಹಿಡಿಯುವುದು. ಈ ಬಣ್ಣಗಳು ಹೀರುವುದು ಮುಖ್ಯವಾಗಿ ಹಸಿರು ಬೆಳಕನ್ನು. ಕೆಂಪು ಕಾಗದ ಹಿಡಿದರೆ ಕರೆಂಟು ಕುಸಿಯಬೇಕು, ಹಸಿರು ಹಿಡಿದರೆ ಅಷ್ಟು ಕುಸಿಯಬಾರದು. ಯಾಕೆ ದಕ್ಷತೆ ಅರ್ಧ ಪ್ರತಿಶತ ಎಂಬ ಪ್ರಶ್ನೆಗೆ ಮೊದಲ ಉತ್ತರ ಅಲ್ಲೇ ಕೈಗೆ ಸಿಗುತ್ತದೆ. ಬಿಸಿಲಿನ ಕೆಂಪು ಪಾಲೆಲ್ಲ ಈ ಕೋಶಕ್ಕೆ ಇದ್ದೂ ಇಲ್ಲದಂತೆ.

ಮತ್ತೆ ಒಂದು ಬಿನ್ನಹ. ವೋಲ್ಟನ್ನಷ್ಟೇ ಬರೆದು ನಿಲ್ಲಿಸಬೇಡಿ. ಅರ್ಧ ವೋಲ್ಟು ಎಂದರೆ ಕೇಳುವವರಿಗೆ ಸಿಲಿಕಾನ್ ಕೋಶದಷ್ಟೇ ಎನಿಸುತ್ತದೆ. ಕೋಶಕ್ಕೆ ಬೇರೆ ಬೇರೆ ರೋಧಕಗಳನ್ನು ಜೋಡಿಸಿ ವೋಲ್ಟು, ಆಂಪಿಯರು ಎರಡನ್ನೂ ಬರೆಸಿ, ಗುಣಿಸಿ, ಅತಿ ಹೆಚ್ಚು ಬಂದದ್ದನ್ನು ವಿಸ್ತೀರ್ಣದಿಂದ ಭಾಗಿಸಿ ನೂರು ಮಿಲಿವ್ಯಾಟಿಗೆ ಹೋಲಿಸಲಿ. 0.3 ಪ್ರತಿಶತ ಬರಬಹುದು, 0.05 ಬರಬಹುದು. ಆ ಅಂಕಿಯನ್ನು ಹಲಗೆಯ ನೆತ್ತಿಯಲ್ಲಿ ದೊಡ್ಡದಾಗಿ ಬರೆಸಿ. ಕೆಳಗೆ, ದಿನ ಕಳೆದಂತೆ ಅದು ಹೇಗೆ ಇಳಿಯಿತೆಂಬ ಗ್ರಾಫ್. ನನ್ನ ಜೊತೆ ಕೂರುವ ತೀರ್ಪುಗಾರ ಮಿತ್ರರಿಗೂ ಇದೇ ಮಾತು ಹೇಳುತ್ತಿದ್ದೇನೆ: ಎಲ್‌ಇಡಿ ಹೊಳೆಯಿತೋ ಇಲ್ಲವೋ ಎಂದು ನೋಡಿ ಅಂಕ ಕೊಟ್ಟರೆ ಟೇಬಲ್ಲಿನ ಅಡಿಯಲ್ಲಿ ಬಟನ್ ಸೆಲ್ ಹುಟ್ಟಿಕೊಳ್ಳುತ್ತದೆ.

ಕೆಲವರು ಕೇಳುತ್ತಾರೆ, ಇಷ್ಟು ಸಣ್ಣ ಅಂಕಿ ತೋರಿಸಿದರೆ ಮಕ್ಕಳ ಉತ್ಸಾಹ ಇಳಿಯುವುದಿಲ್ಲವೇ ಎಂದು. ಇದೇ ಕೋಶದ ಮುಂದಿನ ಕತೆ ಹೇಳಿ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಇದೇ ರಚನೆಯಲ್ಲಿ ಬಣ್ಣದ ಜಾಗಕ್ಕೆ ಪೆರೋವ್‌ಸ್ಕೈಟ್ ಎಂಬ ಹರಳಿನ ವಸ್ತುವನ್ನು ಕೂರಿಸಿತು. ಬಂದದ್ದು 3.8 ಪ್ರತಿಶತ, ಅದೂ ಬೇಗನೆ ಕೆಟ್ಟುಹೋಗುತ್ತಿದ್ದ ಕೋಶ. ಇಂದು ಪ್ರಯೋಗಾಲಯದ ಪೆರೋವ್‌ಸ್ಕೈಟ್ ಕೋಶಗಳು 25 ಪ್ರತಿಶತ ದಾಟಿ ಸಿಲಿಕಾನಿನ ಹೆಗಲಿಗೆ ಬಂದಿವೆ. ಬಣ್ಣದ ಕೋಶವೂ ಸುಮ್ಮನೆ ಕುಳಿತಿಲ್ಲ. ಕೃತಕ ಬಣ್ಣಗಳ ಕೋಶ 2017ರಲ್ಲಿ ಕೋಣೆಯೊಳಗಿನ 1000 ಲಕ್ಸ್ ದೀಪದ ಬೆಳಕಿನಲ್ಲಿ 28.9 ಪ್ರತಿಶತ ತಲುಪಿತು. ತಿರುವನಂತಪುರದ ಸಿಎಸ್‌ಐಆರ್ ಪ್ರಯೋಗಾಲಯದಲ್ಲೂ ಇಂಥ ಒಳಾಂಗಣ ಕೋಶಗಳ ಕೆಲಸ ನಡೆದಿದೆ. ಬಿಸಿಲಿನಲ್ಲಿ ಸಿಲಿಕಾನಿಗೆ ಸೋತದ್ದು ಟ್ಯೂಬ್‌ಲೈಟಿನ ಕೆಳಗೆ ಗೆಲ್ಲುತ್ತಿದೆ.

ಕೊನೆಗೆ ಹಣ್ಣಿನ ಕಾಲದ ವಿಚಾರ. ಮುರುಗಲು ಬೇಸಿಗೆಯ ಕೊನೆಗೆ, ನೇರಳೆ ಮುಂಗಾರಿನ ಮೊದಲ ಮಳೆಗೆ. ಪ್ರದರ್ಶನಗಳು ಬರುವ ಹೊತ್ತಿಗೆ ಎರಡೂ ಮರದಲ್ಲಿರುವುದಿಲ್ಲ. ಒಣಗಿಸಿದ ಮುರುಗಲು ಸಿಪ್ಪೆಯನ್ನು ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಬಳಸಬಹುದು. ಉಪ್ಪು ಹಾಕದೆ ಒಣಗಿಸಿದ್ದನ್ನೇ ಕೇಳಿ ಪಡೆಯಿರಿ. ನೇರಳೆಯ ತಿರುಳನ್ನು ಫ್ರಿಜ್ಜಿನ ಮೇಲ್ಖಾನೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು. ದಾಸವಾಳಕ್ಕಂತೂ ಕಾಲದ ಹಂಗಿಲ್ಲ. ಮೂರನ್ನೂ ಮಾಡಿದವರಿದ್ದರೆ, ಬಿಳಿ ಪದರದ ಬರಿಯ ಕೋಶದ ಅಂಕಿಯನ್ನೂ ಸೇರಿಸಿ ನನಗೆ ತೋರಿಸಿ. ಮುರುಗಲು ನೇರಳೆಯನ್ನು ಸೋಲಿಸಿತೇ ಎಂದು ತಿಳಿಯುವ ಕುತೂಹಲ ನನಗಿದೆ.

ನಿಮ್ಮವ,
ಕಪ್ಪು ಬಟ್ಟೆ ಹಿಡಿದು ಬರುವ ತೀರ್ಪುಗಾರ